ಕಡಿಮೆ ಬಜೆಟ್‌ನ ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಹೇಗೆ: ಪೆಟ್ಟಿಗೆಯ ಹೆಸರು ಬಿಡಿ, ಸಣ್ಣಕ್ಷರ ಓದಿ

ಗ್ರಾಫಿಕ್ಸ್ ಚಿಪ್ ಮಾಡುವ ಮುಖ್ಯ ಕಂಪನಿಗಳು ಮೂರೇ: ಎನ್ವಿಡಿಯಾ, ಎಎಂಡಿ, ಇಂಟೆಲ್. ಆ ಚಿಪ್ಪನ್ನು ಬೋರ್ಡಿಗೆ ಕೂರಿಸಿ, ಫ್ಯಾನ್ ಹಾಕಿ, ಪೆಟ್ಟಿಗೆಗೆ ತುಂಬಿ ಮಾರುವವರು ಮಾತ್ರ ಹತ್ತಾರು. ಹೀಗಾಗಿ ಒಂದೇ ಚಿಪ್ ಹತ್ತು ಹೆಸರಿನಲ್ಲಿ ಸಿಗುತ್ತದೆ. ಅದನ್ನಾದರೂ ಸಹಿಸಬಹುದು. ಒಂದೇ ಹೆಸರಿನಡಿ ಎರಡು ಮೂರು ಬೇರೆ ಬೇರೆ ಕಾರ್ಡ್ ಮಾರುತ್ತಾರಲ್ಲ, ಹೊಸಬರು ಎಡವುವುದು ಅಲ್ಲಿ. ದುಬಾರಿ ಕಾರ್ಡ್ ಕೊಳ್ಳುವವರ ಲೆಕ್ಕ ಸ್ವಲ್ಪ ತಪ್ಪಿದರೂ ಕೈಗೆ ಬರುವುದು ಒಳ್ಳೆಯ ಕಾರ್ಡೇ. ಕೆಳಗಿನ ದರ್ಜೆಯಲ್ಲಿ ಹಾಗಿಲ್ಲ. ಇಲ್ಲಿ ಪ್ರತಿ ಕಾರ್ಡಿನಲ್ಲೂ ಏನನ್ನಾದರೂ ಕತ್ತರಿಸಿಯೇ ಇರುತ್ತಾರೆ. ಕತ್ತರಿಸಿದ್ದು ನಿಮಗೆ ಬೇಕಾದದ್ದೋ ಬೇಡವಾದದ್ದೋ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯಬೇಕು.

ಮೊದಲ ಬಾರಿ ಕಂಪ್ಯೂಟರ್ ಜೋಡಿಸಿಕೊಳ್ಳುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಕಾರ್ಡಿನ ಹೆಸರು ಬರುವುದು ಕೊನೆಗೆ.

ಹಂತ 1: ಕಾರ್ಡ್ ನಿಜಕ್ಕೂ ಬೇಕೇ?

ಬ್ರೌಸಿಂಗ್, ಆಫೀಸ್ ಕೆಲಸ, ಕೋಡಿಂಗ್, ಸಿನಿಮಾ ನೋಡುವುದು, ಎರಡು ಮಾನಿಟರ್ ಓಡಿಸುವುದು, ಇಷ್ಟೇ ಆದರೆ ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಈ ಕೆಲಸಗಳಿಗೆಂದು ಜಿಟಿ 710, ಜಿಟಿ 730 ಥರದ ಹಳೆಯ ಅಗ್ಗದ ಕಾರ್ಡ್ ಹಾಕಿಸಿಕೊಳ್ಳುವವರು ಈಗಲೂ ಇದ್ದಾರೆ. ಇವತ್ತಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಅವಕ್ಕಿಂತ ಮೇಲು. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸೇ ಇಲ್ಲದಿದ್ದಾಗ ಪರದೆಯ ಮೇಲೆ ಚಿತ್ರ ಮೂಡಿಸಲು ಮಾತ್ರ ಅಂಥವು ಉಪಯೋಗಕ್ಕೆ ಬಂದಾವು, ಅಷ್ಟೇ.

ಆದ್ದರಿಂದ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ5-12400ಎಫ್, ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆ ಕಪ್ಪಾಗಿಯೇ ಇರುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನ (ಸಾಕೆಟ್ ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 5600, 5600ಎಕ್ಸ್‌ಗಳಲ್ಲೂ ಇಲ್ಲ. ಅಲ್ಲಿ 5600ಜಿ ಥರ ‘ಜಿ’ ಇರುವವುಗಳಲ್ಲಿ ಮಾತ್ರ ಇದೆ. ಎಎಂ5 ಸಾಕೆಟ್ಟಿನ ರೈಜನ್ 7000 ಸರಣಿಯಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇದ್ದೇ ಇರುತ್ತದೆ, 7500ಎಫ್ ಥರದ ಕೆಲವನ್ನು ಬಿಟ್ಟು. ಅದು ಗೇಮ್ ಆಡಲು ಸಾಲದು, ಆದರೆ ಕಾರ್ಡ್ ಕೆಟ್ಟ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ. ಈ ಒಂದು ಕಾರಣಕ್ಕೆ ‘ಎಫ್’ ಮತ್ತು ಸಾಮಾನ್ಯ ಮಾದರಿಯ ನಡುವೆ ಬೆಲೆಯ ಅಂತರ ಸಣ್ಣದಿದ್ದರೆ ನಾನು ಗ್ರಾಫಿಕ್ಸ್ ಇರುವುದನ್ನೇ ಆರಿಸುತ್ತೇನೆ. ಕಾರ್ಡ್ ಬರುವ ಮೊದಲೇ ಉಳಿದ ಭಾಗಗಳೆಲ್ಲ ಸರಿ ಇವೆಯೇ ಎಂದು ಪರೀಕ್ಷಿಸಿಕೊಳ್ಳುವುದಕ್ಕೂ ಅನುಕೂಲ.

ನಡುವಿನ ದಾರಿಯೊಂದಿದೆ. ರೈಜನ್ 5 8600ಜಿ, ರೈಜನ್ 7 8700ಜಿ ಥರದ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಹಗುರ ಗೇಮ್‌ಗಳನ್ನು 1080ಪಿಯಲ್ಲಿ ಸೆಟ್ಟಿಂಗ್ ತಗ್ಗಿಸಿ ಆಡುವಷ್ಟು ಬಲವಾಗಿದೆ. ಆದರೆ ಅದು ಕಂಪ್ಯೂಟರಿನ ರ‍್ಯಾಮನ್ನೇ ತನ್ನ ಮೆಮೊರಿಯಾಗಿ ಬಳಸುವುದರಿಂದ ಒಂದೇ ರ‍್ಯಾಮ್ ಕಡ್ಡಿ ಹಾಕಿದರೆ ಅರ್ಧ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಒಂದೇ ಅಳತೆಯ ಎರಡು ಕಡ್ಡಿ ಹಾಕಿ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ.

ಹಂತ 2: ಮಾನಿಟರ್‌ನಿಂದ ಲೆಕ್ಕ ಶುರು ಮಾಡಿ

ಕಾರ್ಡಿನ ಕೆಲಸ ಪಿಕ್ಸೆಲ್ ತುಂಬುವುದು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇವೆ, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ ಸುಮಾರು 82.9 ಲಕ್ಷ. ಅಂದರೆ 4ಕೆ ಮಾನಿಟರ್ ಕಟ್ಟಿಕೊಂಡವರು ಪ್ರತಿ ಫ್ರೇಮಿಗೂ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ ಒಂದಕ್ಕೆ) 1080ಪಿಯ ನಾಲ್ಕರಷ್ಟು ಪಿಕ್ಸೆಲ್ ತುಂಬಿಸಬೇಕು. ಕಡಿಮೆ ಬಜೆಟ್‌ನ ಕಾರ್ಡಿಗೆ 1080ಪಿ ಸಹಜ ಜೋಡಿ. ಸ್ವಲ್ಪ ಎಳೆದರೆ 1440ಪಿ. 4ಕೆ ಪರದೆ ಈಗಾಗಲೇ ಇದ್ದರೆ ಗೇಮ್ ಒಳಗೆ ರೆಸಲ್ಯೂಶನ್ ಇಳಿಸಿ ಆಡಲು ಸಿದ್ಧರಾಗಿ.

ರಿಫ್ರೆಶ್ ರೇಟ್ ಕೂಡ ನೋಡಿ. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಫ್ರೇಮ್ ಮಾತ್ರ ತೋರಿಸುತ್ತದೆ. ಅಂಥ ಪರದೆಯ ಮುಂದೆ 140 ಫ್ರೇಮ್ ಕೊಡುವ ಕಾರ್ಡ್ ಇಟ್ಟರೆ ಹೆಚ್ಚಿನ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಆಗ ಕಾರ್ಡಿನಲ್ಲಿ ಉಳಿಸಿದ್ದನ್ನು ಮಾನಿಟರ್‌ಗೆ ಹಾಕುವುದೇ ಲಾಭ.

ಹಳೆಯ ಮಾನಿಟರ್‌ನಲ್ಲಿ ನೀಲಿ ವಿಜಿಎ ಕನೆಕ್ಟರ್ ಮಾತ್ರ ಇದೆಯೇ? ಈಗಿನ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ. ಸಿಗ್ನಲ್ಲನ್ನು ಪರಿವರ್ತಿಸುವ ಚಿಪ್ ಇರುವ ಆಕ್ಟಿವ್ ಅಡಾಪ್ಟರ್ ಬೇಕು. ಬರೀ ತಂತಿ ಜೋಡಿಸಿದ ಅಗ್ಗದ ಕೇಬಲ್ ಕೆಲಸ ಮಾಡುವುದಿಲ್ಲ.

ಹಂತ 3: ವಿಡಿಯೋ ಮೆಮೊರಿ ಎಷ್ಟು?

ಗೇಮಿನ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ), ಫ್ರೇಮಿನ ಲೆಕ್ಕಾಚಾರದ ದತ್ತಾಂಶ ಎಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಕೂರುತ್ತವೆ. ಅದು ತುಂಬಿತೆಂದರೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ಗೆ ತಳ್ಳಿ, ಬೇಕಾದಾಗಲೆಲ್ಲ ಪಿಸಿಐಇ ಸ್ಲಾಟಿನ (ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಸೀಳು) ಮೂಲಕ ಎಳೆದು ತರಬೇಕು. ಆ ಹಾದಿ ಕಾರ್ಡಿನ ಸ್ವಂತ ಮೆಮೊರಿಯ ವೇಗದ ಮುಂದೆ ಏನೇನೂ ಅಲ್ಲ. ಸರಾಸರಿ ಫ್ರೇಮ್ ಚೆನ್ನಾಗಿ ಕಾಣುತ್ತಲೇ ಆಟ ಅಲ್ಲಲ್ಲಿ ತಡವರಿಸುತ್ತದೆ. ಕೆಲವು ಗೇಮ್‌ಗಳು ತಡವರಿಸುವುದಿಲ್ಲ, ಸದ್ದಿಲ್ಲದೆ ಮಸುಕಾದ ಟೆಕ್ಸ್ಚರ್ ಹಾಕಿಬಿಡುತ್ತವೆ. ಅಂಕಿ ಮಾತ್ರ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ.

ನನ್ನ ಅಳತೆ ಇದು. 4 ಜಿಬಿ ಈಗ ಹಳೆಯ ಗೇಮ್‌ಗಳಿಗೆ ಮತ್ತು ಇ-ಸ್ಪೋರ್ಟ್ಸ್ ಶೀರ್ಷಿಕೆಗಳಿಗೆ ಮಾತ್ರ. 6 ಜಿಬಿಯಲ್ಲಿ ರಾಜಿ ಮಾಡಿಕೊಂಡು ಬದುಕಬಹುದು. 1080ಪಿಗೆ 8 ಜಿಬಿಯನ್ನು ಕನಿಷ್ಠ ಎಂದುಕೊಳ್ಳಿ, ಆದರೆ ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ ಸೆಟ್ಟಿಂಗನ್ನು ತುದಿಗೇರಿಸಬೇಡಿ. ನಾಲ್ಕೈದು ವರ್ಷ ಬದಲಿಸುವ ಯೋಚನೆ ಇಲ್ಲದವರು, 1440ಪಿ ಮಾನಿಟರ್ ಇರುವವರು 12 ಅಥವಾ 16 ಜಿಬಿಗೆ ಕೈ ಚಾಚಬೇಕು. ಉಳಿದೆಲ್ಲ ಸೆಟ್ಟಿಂಗುಗಳನ್ನು ಮುಂದೊಂದು ದಿನ ತಗ್ಗಿಸಿಕೊಂಡು ಹೋಗಬಹುದು. ಕಾರ್ಡಿಗೆ ಮೆಮೊರಿಯನ್ನು ಆಮೇಲೆ ಸೇರಿಸಲು ಬರುವುದಿಲ್ಲ.

ಆದರೆ ಮೆಮೊರಿ ಒಂದನ್ನೇ ನೋಡಿ ಮರುಳಾಗಬೇಡಿ. ಬಲವಿಲ್ಲದ ಹಳೆಯ ಚಿಪ್ಪಿಗೆ ನಿಧಾನದ 4 ಜಿಬಿ ಡಿಡಿಆರ್3 ಮೆಮೊರಿ ಅಂಟಿಸಿ, ಪೆಟ್ಟಿಗೆಯ ಮೇಲೆ ‘4 ಜಿಬಿ’ ಎಂದು ದಪ್ಪಕ್ಷರದಲ್ಲಿ ಬರೆದು ಮಾರುವುದು ಹಳೆಯ ವರಸೆ. ಜಿಡಿಡಿಆರ್6 ಅಥವಾ ಅದಕ್ಕಿಂತ ಹೊಸದಲ್ಲದ ಮೆಮೊರಿಯ ಕಾರ್ಡನ್ನು ಹೊಸದಾಗಿ ಕೊಳ್ಳಲು ಈಗ ಕಾರಣವೇ ಇಲ್ಲ.

ಹಂತ 4: ಹೆಸರಿನ ಹಿಂದೆ ಏನಿದೆ

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಈ ಮಾರುಕಟ್ಟೆಗೆ ಆ ಗಾದೆ ಚೆನ್ನಾಗಿ ಒಪ್ಪುತ್ತದೆ. ಕೆಲವು ಉದಾಹರಣೆ ನೋಡಿ. ಹೆಸರು ಜಿಟಿ, ಜಿಟಿಎಕ್ಸ್, ಆರ್‌ಟಿಎಕ್ಸ್ ಎಂದು ಶುರುವಾದರೆ ಎನ್ವಿಡಿಯಾದ ಚಿಪ್, ಆರ್‌ಎಕ್ಸ್ ಎಂದಾದರೆ ಎಎಂಡಿಯದು, ಆರ್ಕ್ ಎಂದಾದರೆ ಇಂಟೆಲ್‌ನದು.

ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದ್ದು ಬಂತು. ಮೊದಲನೆಯದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಎರಡನೆಯದರದ್ದು 16.8 ಜಿಬಿ. ಮೂರನೇ ಒಂದು ಭಾಗ! ಗೇಮ್‌ನಲ್ಲಿ ಫ್ರೇಮುಗಳೂ ಅದಕ್ಕೆ ತಕ್ಕಂತೆ ಕುಸಿದವು.

ಜಿಟಿಎಕ್ಸ್ 1060ರ 6 ಜಿಬಿ ಮತ್ತು 3 ಜಿಬಿ ಮಾದರಿಗಳ ವ್ಯತ್ಯಾಸ ಮೆಮೊರಿಯಲ್ಲಷ್ಟೇ ಎಂದು ಎಷ್ಟೋ ಜನ ನಂಬಿದ್ದರು. ಚಿಪ್ಪಿನ ಕೋರ್‌ಗಳೂ (ಲೆಕ್ಕ ಮಾಡುವ ಸಣ್ಣ ಘಟಕಗಳು) 1280ರಿಂದ 1152ಕ್ಕೆ ಇಳಿದಿದ್ದವು. ಆರ್‌ಎಕ್ಸ್ 580ರಲ್ಲಿ 2304 ಕೋರ್ ಇರಬೇಕು. ‘580 2048ಎಸ್‌ಪಿ’ ಎಂದು ಸಿಗುವುದು ನಿಜಕ್ಕೆ ಆರ್‌ಎಕ್ಸ್ 570ರ ಚಿಪ್ಪೇ.

ಈಗಲೂ ಮಾರಾಟದಲ್ಲಿರುವ ಆರ್‌ಟಿಎಕ್ಸ್ 3050 ಇನ್ನೂ ಒಳ್ಳೆಯ ಪಾಠ. 2022ರಲ್ಲಿ ಬಂದದ್ದು 8 ಜಿಬಿ, 128 ಬಿಟ್ (ಚಿಪ್ಪಿಗೂ ಮೆಮೊರಿಗೂ ನಡುವಿನ ಹಾದಿಯ, ಅಂದರೆ ಬಸ್ಸಿನ ಅಗಲ), 2560 ಕೋರ್, 130 ವ್ಯಾಟ್. 2024ರಲ್ಲಿ ಅದೇ ಹೆಸರಿಗೆ ‘6 ಜಿಬಿ’ ಎಂಬ ಬಾಲ ಸೇರಿಸಿ ತಂದದ್ದು 96 ಬಿಟ್, 2304 ಕೋರ್, 70 ವ್ಯಾಟ್. ಎರಡನೆಯದು ಕೆಟ್ಟ ಕಾರ್ಡೇನೂ ಅಲ್ಲ, ಮುಂದೆ ಹೇಳುವಂತೆ ಅದಕ್ಕೊಂದು ಸ್ಥಾನವಿದೆ. ಆದರೆ 8 ಜಿಬಿಯ ರಿವ್ಯೂ ನೋಡಿ 6 ಜಿಬಿ ತಂದವರಿಗೆ ನಿರಾಸೆ ಖಚಿತ. ಆರ್‌ಟಿಎಕ್ಸ್ 3060 ಕೂಡ ಹಾಗೇ: 12 ಜಿಬಿಯದ್ದು 192 ಬಿಟ್, 8 ಜಿಬಿಯದ್ದು 128 ಬಿಟ್. 2025ರ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂಬ ಎರಡೆರಡು ರೂಪದಲ್ಲಿವೆ. ಬಿಲ್ ಮಾಡಿಸುವಾಗ ಮೆಮೊರಿಯ ಅಂಕಿಯೂ ಬಿಲ್ಲಿನಲ್ಲಿ ಬರಲಿ.

ಮೆಮೊರಿ ವೇಗವನ್ನು ನೀವೇ ಲೆಕ್ಕ ಹಾಕಬಹುದು. ಬಸ್ಸಿನ ಬಿಟ್‌ಗಳನ್ನು ಮೆಮೊರಿಯ ಗಿಗಾಬಿಟ್ ವೇಗದಿಂದ ಗುಣಿಸಿ, 8ರಿಂದ ಭಾಗಿಸಿ. ಆರ್‌ಟಿಎಕ್ಸ್ 3060 12 ಜಿಬಿ: 192 × 15 ÷ 8 = 360. ಆರ್‌ಟಿಎಕ್ಸ್ 4060: 128 × 17 ÷ 8 = 272. ಹಾಗಾದರೆ ಹಳೆಯ ಕಾರ್ಡೇ ಹೆಚ್ಚು ವೇಗದ್ದೇ? ಇಲ್ಲ. 4060ರ ಚಿಪ್ಪಿನೊಳಗೆ 24 ಎಂಬಿ ಎಲ್2 ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ, ವೇಗದ ಮೆಮೊರಿ) ಇದೆ, 3060ರಲ್ಲಿ 3 ಎಂಬಿ ಮಾತ್ರ. ಹೊಸದು ಮೆಮೊರಿಯ ಬಾಗಿಲು ತಟ್ಟುವುದೇ ಕಡಿಮೆ, ಹೆಚ್ಚಿನ ಗೇಮ್‌ಗಳಲ್ಲಿ ಅದೇ ಮುಂದೆ. ಆದ್ದರಿಂದ ಈ ಲೆಕ್ಕವನ್ನು ಒಂದೇ ಪೀಳಿಗೆಯ ಕಾರ್ಡ್‌ಗಳ ನಡುವೆ, ಅದರಲ್ಲೂ ಒಂದೇ ಹೆಸರಿನ ಎರಡು ಮಾದರಿಗಳ ನಡುವೆ ಮಾತ್ರ ಬಳಸಿ. ಕೋರ್‌ಗಳ ಸಂಖ್ಯೆಗೂ ಇದೇ ನಿಯಮ. ಎನ್ವಿಡಿಯಾದ ಕೋರ್ ಸಂಖ್ಯೆಯನ್ನು ಎಎಂಡಿಯದರ ಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

ಇನ್ನು ‘ಓಸಿ’ (ಓವರ್‌ಕ್ಲಾಕ್, ಚಿಪ್ಪಿನ ವೇಗ ತುಸು ಏರಿಸಿದ್ದು), ‘ಗೇಮಿಂಗ್’, ‘ಅಲ್ಟ್ರಾ’ ಎಂಬ ಬಿರುದುಗಳು. ಒಂದೇ ಚಿಪ್ಪಿನ ಸಾಧಾರಣ ಕಾರ್ಡಿಗೂ ಬಿರುದಾಂಕಿತ ಕಾರ್ಡಿಗೂ ವೇಗದಲ್ಲಿ ಇರುವ ಅಂತರ ನೂರಕ್ಕೆ ಕೆಲವೇ ಅಂಶ. ಎರಡು ಫ್ಯಾನ್ ಇರುವ, ವಾರಂಟಿ ಚೆನ್ನಾಗಿರುವ ಸಾಧಾರಣ ಮಾದರಿ ಸಾಕು. ಅದಕ್ಕೂ ದುಬಾರಿ ಮಾದರಿಗೂ ಇರುವ ಬೆಲೆಯಂತರ ಒಮ್ಮೊಮ್ಮೆ ಒಂದು ಮೆಟ್ಟಿಲು ಮೇಲಿನ ಚಿಪ್ಪಿಗೇ ಸಾಲುತ್ತದೆ. ಬಣ್ಣದ ದೀಪಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಅದು ಅವರವರ ಭಕ್ತಿ.

ಹಂತ 5: ಸ್ಲಾಟ್ ಮತ್ತು ಲೇನ್

ಇದನ್ನು ನೋಡದೆ ಕೊಳ್ಳುವವರೇ ಹೆಚ್ಚು. ಎಲ್ಲ ಕಾರ್ಡ್‌ಗಳೂ ಉದ್ದನೆಯ ಪಿಸಿಐಇ 16 ಸ್ಲಾಟಿನಲ್ಲೇ (16 ಲೇನ್, ಅಂದರೆ ದತ್ತಾಂಶ ಸಾಗುವ 16 ಹಾದಿ ಇರುವುದು) ಕೂರುತ್ತವೆ, ಆದರೆ ಕೆಳದರ್ಜೆಯ ಹಲವು ಕಾರ್ಡ್‌ಗಳು ಒಳಗೆ 8 ಅಥವಾ 4 ಲೇನ್ ಮಾತ್ರ ಬಳಸುತ್ತವೆ. ಪಿಸಿಐಇಯ 3.0 ಆವೃತ್ತಿಯಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತದೆ, 4.0ರಲ್ಲಿ ಸುಮಾರು 2 ಜಿಬಿ. 16 ಲೇನ್ ಇದ್ದಾಗ 3.0 ಆದರೂ ತೊಂದರೆ ಇಲ್ಲ. 4 ಲೇನ್ ಇದ್ದಾಗ ತೊಂದರೆ ಇದೆ.

2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಕುಖ್ಯಾತ. 4 ಜಿಬಿ ಮೆಮೊರಿ, 4 ಲೇನ್. ಮೆಮೊರಿ ಬೇಗ ತುಂಬುತ್ತದೆ, ತುಂಬಿದ್ದನ್ನು ಸಾಗಿಸುವ ಹಾದಿಯೂ ಇಕ್ಕಟ್ಟು. 4.0 ಬೋರ್ಡಿನಲ್ಲಿ ಹೇಗೋ ನಡೆಯುವ ಅದು 3.0 ಬೋರ್ಡಿನಲ್ಲಿ ಕೆಲವು ಗೇಮ್‌ಗಳಲ್ಲಿ ಎದ್ದು ಕಾಣುವಷ್ಟು ಹಿಂದೆ ಬೀಳುತ್ತದೆ. ಅದು ಸಾಲದೆಂಬಂತೆ ವಿಡಿಯೋ ಎನ್‌ಕೋಡರನ್ನೂ (ಚಿತ್ರವನ್ನು ವಿಡಿಯೋ ಫೈಲಾಗಿ ಕುಗ್ಗಿಸುವ ಭಾಗ) ತೆಗೆದುಹಾಕಿದ್ದಾರೆ. ಗೇಮ್ ರೆಕಾರ್ಡ್ ಮಾಡಬೇಕೆಂದರೆ ಭಾರವೆಲ್ಲ ಪ್ರೊಸೆಸರ್ ಮೇಲೆ. ಆರ್‌ಎಕ್ಸ್ 6400ರದ್ದೂ ಇದೇ ಕಥೆ.

ಬೋರ್ಡ್ ಒಂದೇ ಅಲ್ಲ, ಪ್ರೊಸೆಸರ್ ಕೂಡ ಲೇನ್ ನಿರ್ಧರಿಸುತ್ತದೆ. ಬಿ550 ಬೋರ್ಡ್ 4.0 ಕೊಡುತ್ತದೆ, ಆದರೆ ಅದರಲ್ಲಿ ರೈಜನ್ 5 5500 ಅಥವಾ 5600ಜಿ ಕೂರಿಸಿದರೆ ಸ್ಲಾಟ್ 3.0ಕ್ಕೆ ಇಳಿಯುತ್ತದೆ. ಎ520 ಬೋರ್ಡಿನಲ್ಲಿ ಯಾವ ಪ್ರೊಸೆಸರ್ ಹಾಕಿದರೂ 3.0. ಎಎಂ5ನಲ್ಲಿ 8600ಜಿ ಕಾರ್ಡಿಗೆ 8 ಲೇನ್ ಕೊಟ್ಟರೆ 8500ಜಿ ಕೊಡುವುದು ನಾಲ್ಕೇ. ‘ಈಗ ಜಿ ಪ್ರೊಸೆಸರ್ ಹಾಕಿಕೊಂಡು ಮುಂದೆ ಕಾರ್ಡ್ ಸೇರಿಸೋಣ’ ಎಂದು ಯೋಚಿಸುವವರು ಇದನ್ನು ಗಮನಿಸಬೇಕು. 8 ಲೇನಿನ ಕಾರ್ಡ್‌ಗಳು (ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060) 3.0 ಸ್ಲಾಟಿನಲ್ಲೂ ಮೆಮೊರಿ ತುಂಬದಿರುವವರೆಗೆ ಚೆನ್ನಾಗಿಯೇ ಓಡುತ್ತವೆ. ಆರ್‌ಎಕ್ಸ್ 9060 ಎಕ್ಸ್‌ಟಿಗೆ ಪೂರ್ತಿ 16 ಲೇನ್ ಇದೆ. ಹಳೆಯ ಬೋರ್ಡಿನವರಿಗೆ ಅದೊಂದು ವರ.

ಇಂಟೆಲ್ ಆರ್ಕ್ ಕಾರ್ಡ್‌ಗಳದ್ದು ಬೇರೆಯೇ ಷರತ್ತು. ಬಯಾಸ್‌ನಲ್ಲಿ ರಿಸೈಸಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ತಲುಪಲು ಬಿಡುವ ಸೌಲಭ್ಯ) ಆನ್ ಆಗದ ಬೋರ್ಡಿನಲ್ಲಿ ಅವು ಬಹಳ ಸೊರಗುತ್ತವೆ. ಇಂಟೆಲ್ 10ನೇ ಪೀಳಿಗೆ, ರೈಜನ್ 3000 ಸರಣಿ ಮತ್ತು ಅದಕ್ಕಿಂತ ಹೊಸ ಪ್ರೊಸೆಸರ್‌ಗಳಲ್ಲಿ ಈ ಸೌಲಭ್ಯ ಸಿಗುತ್ತದೆ. ಆದರೂ 2024ರ ಕೊನೆಗೆ ಬಂದ ಆರ್ಕ್ ಬಿ580, ಹಳೆಯ ಅಥವಾ ದುರ್ಬಲ ಪ್ರೊಸೆಸರ್ ಜೊತೆ ಕೆಲವು ಗೇಮ್‌ಗಳಲ್ಲಿ ತನ್ನ ಪೂರ್ಣ ವೇಗ ತೋರುವುದಿಲ್ಲ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂತು. ಹೊಸ ಪ್ರೊಸೆಸರ್ ಜೊತೆ 12 ಜಿಬಿಯ ಆ ಕಾರ್ಡ್ ಒಳ್ಳೆಯ ಆಯ್ಕೆ. ಹಳೆಯ ಕಂಪ್ಯೂಟರಿಗೆ ಜೀವ ತುಂಬಲು ಅಲ್ಲ.

ಹಂತ 6: ಕರೆಂಟಿನ ಲೆಕ್ಕ

ಪಿಸಿಐಇ ಸ್ಲಾಟ್ ತಾನಾಗಿ 75 ವ್ಯಾಟ್ ಕೊಡಬಲ್ಲದು. 6 ಪಿನ್ ಕನೆಕ್ಟರ್ ಇನ್ನೊಂದು 75, 8 ಪಿನ್ನಿನದ್ದು 150. 75 ವ್ಯಾಟಿನೊಳಗೆ ಮುಗಿಯುವ ಕಾರ್ಡಿಗೆ ಬೇರೆ ವೈರೇ ಬೇಡ. ಕಚೇರಿಯ ಹಳೆಯ ಕಂಪ್ಯೂಟರ್, ಸಣ್ಣ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬ), ಬೇರೆ ಕನೆಕ್ಟರ್ ಇಲ್ಲ ಎನ್ನುವವರಿಗೆ ಆರ್‌ಟಿಎಕ್ಸ್ 3050 6 ಜಿಬಿ ಸೂಕ್ತವಾಗುವುದು ಇಲ್ಲಿ. ಅದು ಬೇಕಾದಷ್ಟು ಕರೆಂಟನ್ನು ಸ್ಲಾಟಿನಿಂದಲೇ ತೆಗೆದುಕೊಳ್ಳುತ್ತದೆ. ಆದರೆ ಅದೇ ಚಿಪ್ಪಿನ ಕೆಲವು ಮಾದರಿಗಳಲ್ಲಿ ಕಾರ್ಡ್ ತಯಾರಕರು ತಾವಾಗಿಯೇ 6 ಪಿನ್ ಇಟ್ಟಿರುತ್ತಾರೆ, ಫೋಟೋ ನೋಡಿ ಖಚಿತಪಡಿಸಿಕೊಳ್ಳಿ.

ಹೊಸದಾಗಿ ಜೋಡಿಸುವವರಿಗೆ, ಆರ್‌ಟಿಎಕ್ಸ್ 4060 (115 ವ್ಯಾಟ್), ಆರ್‌ಎಕ್ಸ್ 6600 (132 ವ್ಯಾಟ್), ಆರ್‌ಎಕ್ಸ್ 7600 (165 ವ್ಯಾಟ್), ಆರ್ಕ್ ಬಿ580 (190 ವ್ಯಾಟ್) ಇವೆಲ್ಲಕ್ಕೂ ಸಾಧಾರಣ ಪ್ರೊಸೆಸರ್ ಜೊತೆ ಒಳ್ಳೆಯ 550 ಅಥವಾ 650 ವ್ಯಾಟಿನ ಎಸ್‌ಎಂಪಿಎಸ್ ಸಾಕು. ‘ಒಳ್ಳೆಯ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗೆ 600 ಎಂದು ಬರೆದು ಒಳಗೆ 12 ವೋಲ್ಟ್ ಸಾಲಿನಲ್ಲಿ ಅದರ ಅರ್ಧ ಕೊಡುವ ಡಬ್ಬಗಳಿವೆ. ಬದಿಯ ಪಟ್ಟಿಯಲ್ಲಿ 12 ವೋಲ್ಟಿನ ಎದುರಿಗಿರುವ ಆಂಪಿಯರನ್ನು 12ರಿಂದ ಗುಣಿಸಿ. 40 ಆಂಪಿಯರ್ ಅಂದರೆ 480 ವ್ಯಾಟ್. ಕಾರ್ಡ್ ಮತ್ತು ಪ್ರೊಸೆಸರ್ ಎರಡಕ್ಕೂ ಸಿಗುವುದು ಅಷ್ಟೇ. 80 ಪ್ಲಸ್ ಎಂಬ ಗುರುತು ಎಷ್ಟು ಕರೆಂಟು ವ್ಯರ್ಥವಾಗುತ್ತದೆ ಎಂಬುದನ್ನು ಹೇಳುತ್ತದೆ, ಒಳಗಿನ ಭಾಗಗಳ ಬಾಳಿಕೆಯನ್ನಲ್ಲ. ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿದಾದರೂ ಎಸ್‌ಎಂಪಿಎಸ್ ಒಳ್ಳೆಯದನ್ನು ತನ್ನಿ. ಅದು ಸುಟ್ಟಾಗ ಒಂಟಿಯಾಗಿ ಹೋಗುವುದಿಲ್ಲ, ಕೆಲವೊಮ್ಮೆ ಜೊತೆಯವರನ್ನೂ ಕರೆದೊಯ್ಯುತ್ತದೆ.

ಹಂತ 7: ಜಾಗ

ಕ್ಯಾಬಿನೆಟ್ಟಿನ ವಿವರದಲ್ಲಿ ಕಾರ್ಡಿನ ಗರಿಷ್ಠ ಉದ್ದ ಮಿಲಿಮೀಟರಿನಲ್ಲಿ ಇರುತ್ತದೆ. ಮುಂದೆ ಫ್ಯಾನ್ ಅಥವಾ ರೇಡಿಯೇಟರ್ ಹಾಕಿದರೆ ಅದರಲ್ಲಿ ಎರಡು ಮೂರು ಸೆಂಟಿಮೀಟರ್ ಕಳೆಯಿರಿ. ದಪ್ಪ ಎರಡು ಸ್ಲಾಟೋ ಎರಡೂವರೆಯೋ ನೋಡಿ. ತೆಳು ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್, ಅಂದರೆ ಎತ್ತರ ಕಡಿಮೆಯ ಕಾರ್ಡ್ ಬೇಕು, ಅದನ್ನು ಬಿಗಿಯುವ ಗಿಡ್ಡ ಬ್ರಾಕೆಟ್ ಪೆಟ್ಟಿಗೆಯಲ್ಲೇ ಬರುತ್ತದೆಯೇ ಕೇಳಿ.

ಹಂತ 8: ಗೇಮ್ ಬಿಟ್ಟು ಬೇರೆ ಕೆಲಸ ಉಂಟೇ?

ಗೇಮ್ ಮಾತ್ರ ಆಡುವವರು ಮೂರೂ ಕಂಪನಿಗಳನ್ನು ಸಮಾನವಾಗಿ ನೋಡಬಹುದು. ಕೆಲಸವೂ ಸೇರಿದರೆ ತಕ್ಕಡಿ ವಾಲುತ್ತದೆ. ಮಷೀನ್ ಲರ್ನಿಂಗ್ ಕಲಿಯುವವರಿಗೆ ಎನ್ವಿಡಿಯಾ ಕಾರ್ಡ್‌ಗಳಲ್ಲಿ ಮಾತ್ರ ನಡೆಯುವ ‘ಕೂಡಾ’ (CUDA) ಎಂಬ ತಂತ್ರಾಂಶ ವ್ಯವಸ್ಥೆ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಅಡ್ಡಿ. 3ಡಿ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ ಮೂರೂ ಕಂಪನಿಗಳ ಕಾರ್ಡ್‌ನಲ್ಲಿ ಓಡುತ್ತದೆ, ಆದರೆ ಅದರ ಸೈಕಲ್ಸ್ ರೆಂಡರರ್ ಆರ್‌ಟಿಎಕ್ಸ್ ಕಾರ್ಡಿನಲ್ಲಿ ಎಲ್ಲಕ್ಕಿಂತ ಚುರುಕು. ಇಂಥವರಿಗೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ಈಗಲೂ ತೂಕದ ಆಯ್ಕೆ. ವಿಡಿಯೋ ಮಾಡುವವರು ಎವಿ1 (ವಿಡಿಯೋ ಕುಗ್ಗಿಸುವ ಹೊಸ ವಿಧಾನ) ಎನ್‌ಕೋಡರ್ ಇದೆಯೇ ನೋಡಲಿ: ಆರ್‌ಟಿಎಕ್ಸ್ 40 ಸರಣಿ, ಆರ್‌ಎಕ್ಸ್ 7000 ಸರಣಿ, ಇಂಟೆಲ್ ಆರ್ಕ್ ಮತ್ತು ಅವುಗಳ ಮುಂದಿನವುಗಳಲ್ಲಿ ಇದೆ. ಲಿನಕ್ಸ್ ಬಳಸುವವರಿಗೆ ಎಎಂಡಿ ನೆಮ್ಮದಿ, ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇರುತ್ತದೆ.

ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ; ಎಎಂಡಿಯ ಎಫ್‌ಎಸ್‌ಆರ್‌ನ ಮೊದಲ ಮೂರು ಆವೃತ್ತಿ ಯಾರ ಕಾರ್ಡಿನಲ್ಲೂ ನಡೆಯುತ್ತದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬರೆದು ಹಿಗ್ಗಿಸುವ ಈ ತಂತ್ರಗಳು ಸಣ್ಣ ಕಾರ್ಡಿಗೆ ದೊಡ್ಡ ಉಪಕಾರ. ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡ್ ತಾನೇ ಊಹಿಸಿದ ಫ್ರೇಮ್ ತೂರಿಸುವ ಫ್ರೇಮ್ ಜನರೇಶನ್ ಬೇರೆ ಮಾತು. 30 ಫ್ರೇಮನ್ನು 60 ಎಂದು ತೋರಿಸಿದರೂ ಮೌಸ್ ಪ್ರತಿಕ್ರಿಯೆ 30ರದ್ದೇ ಇರುತ್ತದೆ. ಜಾಹೀರಾತಿನ ಪಟ್ಟಿಯಲ್ಲಿ ಎರಡು ಪಟ್ಟು, ಮೂರು ಪಟ್ಟು ಎಂದು ಕಂಡರೆ ಕೆಳಗಿನ ಸಣ್ಣಕ್ಷರ ಓದಿ.

ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವ ರೇ ಟ್ರೇಸಿಂಗ್ ಅನ್ನು ಈ ದರ್ಜೆಯಲ್ಲಿ ಸುಖಕ್ಕಾಗಿ ಆನ್ ಮಾಡುವವರು ಕಡಿಮೆ. ಆದರೆ 2024ರ ಕೊನೆಯಿಂದೀಚೆಗೆ ಅದರ ಹಾರ್ಡ್‌ವೇರ್ ಇಲ್ಲದ ಕಾರ್ಡಿನಲ್ಲಿ ತೆರೆಯಲೇ ಒಪ್ಪದ ದೊಡ್ಡ ಗೇಮ್‌ಗಳು ಬರತೊಡಗಿವೆ. ಜಿಟಿಎಕ್ಸ್ 1650, 1660, ಆರ್‌ಎಕ್ಸ್ 5600 ಎಕ್ಸ್‌ಟಿ ಕೊಳ್ಳಲು ಹೊರಟವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 9: ಈಗ ಹೆಸರು

ಕನೆಕ್ಟರ್ ಇಲ್ಲದ ಸಣ್ಣ ಕಂಪ್ಯೂಟರಿಗೆ ಆರ್‌ಟಿಎಕ್ಸ್ 3050 6 ಜಿಬಿ. ತೀರಾ ಬಿಗಿ ಬಜೆಟ್‌ನಲ್ಲಿ 1080ಪಿ ಗೇಮ್‌ಗೆ ಆರ್‌ಎಕ್ಸ್ 6600, ಹೊಸದೋ ಹಳೆಯದೋ ಸಿಕ್ಕಿದ್ದು. ಅದರ ಮೇಲೆ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಈ ಗುಂಪಿನಲ್ಲಿ ನೀವು ಕೊಳ್ಳುವ ದಿನ ಯಾವುದರ ಬೆಲೆ ಇಳಿದಿದೆಯೋ ಅದು. ಹೊಸ ಪ್ರೊಸೆಸರ್ ಇದ್ದರೆ ಆರ್ಕ್ ಬಿ580. ಇನ್ನೊಂದಿಷ್ಟು ಹೊಂದಿಸಿಕೊಳ್ಳಬಲ್ಲವರಿಗೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ. ಬಜೆಟ್ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಎರಡು ಮೂರಕ್ಕೆ ಇಳಿದ ಮೇಲೆ ರಿವ್ಯೂ ನೋಡಿ, ಆದರೆ ನಿಮ್ಮ ರೆಸಲ್ಯೂಶನ್ನಿನ, ನೀವು ಆಡುವ ಥರದ ಗೇಮ್‌ಗಳದ್ದು. ಸರಾಸರಿಗಿಂತ ‘1 ಪರ್ಸೆಂಟ್ ಲೋ’ (ಅತಿ ನಿಧಾನದ ನೂರಕ್ಕೊಂದು ಪಾಲು ಫ್ರೇಮ್‌ಗಳ ವೇಗ) ಎಂಬ ಅಂಕಿಗೆ ಹೆಚ್ಚು ಬೆಲೆ ಕೊಡಿ. ಆಟ ತಡವರಿಸುವುದು ಕಾಣುವುದು ಅದರಲ್ಲೇ. ರಿವ್ಯೂ ಮಾಡುವವರು ಎಲ್ಲಕ್ಕಿಂತ ವೇಗದ ಪ್ರೊಸೆಸರ್ ಬಳಸುತ್ತಾರೆ ಎಂಬುದೂ ನೆನಪಿರಲಿ. ಆಮೇಲೆ ಪ್ರತಿ ಕಾರ್ಡಿನ ಬೆಲೆಯನ್ನು ಅದರ ಸರಾಸರಿ ಫ್ರೇಮಿನಿಂದ ಭಾಗಿಸಿ. ಒಂದು ಫ್ರೇಮಿಗೆ ಎಷ್ಟು ಬಿತ್ತು ಎಂಬ ಈ ಲೆಕ್ಕ ಎಷ್ಟೋ ವಾದಗಳನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತದೆ.

ಹಂತ 10: ಸೆಕೆಂಡ್ ಹ್ಯಾಂಡ್ ಆದರೆ

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯವನ್ನು ಕಾರ್ಡ್‌ಗಳಿಂದ ಗಳಿಸುವ ಮೈನಿಂಗ್ ನಿಂತಾಗ ರಾಶಿ ರಾಶಿ ಕಾರ್ಡ್‌ಗಳು ಹಳೆ ಮಾಲಿನ ಮಾರುಕಟ್ಟೆಗೆ ಬಂದವು, ಅವು ಇನ್ನೂ ಕೈ ಬದಲಿಸುತ್ತಿವೆ. ಮೈನಿಂಗ್ ಕಾರ್ಡ್ ಎಂದ ಮಾತ್ರಕ್ಕೆ ಓಡಿಹೋಗಬೇಕಿಲ್ಲ. ಸವೆಯುವುದು ಹೆಚ್ಚಾಗಿ ಫ್ಯಾನ್, ಥರ್ಮಲ್ ಪ್ಯಾಡ್, ಪೇಸ್ಟ್. ಕಾರ್ಡ್ ಓಡುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶ ತೆರೆದು ಚಿಪ್, ಕೋರ್, ಬಸ್ಸಿನ ಬಿಟ್ ಎಲ್ಲ ಹೆಸರಿಗೆ ಹೊಂದುತ್ತವೆಯೇ ನೋಡಿ. ಹಳೆಯ ಅಗ್ಗದ ಚಿಪ್ಪಿನ ಬಯಾಸ್ ತಿದ್ದಿ ಹೊಸ ಹೆಸರು ಕೊಟ್ಟು ಮಾರುವ ನಕಲಿಗಳನ್ನು ಅದು ಗುರುತಿಸಿ ನಕಲಿ ಎಂದೇ ತೋರಿಸುತ್ತದೆ. ನಂತರ ಫರ್‌ಮಾರ್ಕ್ ಥರದ ಭಾರದ ಪರೀಕ್ಷೆಯನ್ನು ಹದಿನೈದು ನಿಮಿಷ ಓಡಿಸಿ: ಪರದೆಯಲ್ಲಿ ಚುಕ್ಕಿ, ಗೆರೆ, ಬಣ್ಣದ ಚೌಕ ಕಾಣಬಾರದು, ಫ್ಯಾನ್ ಕರಕರ ಎನ್ನಬಾರದು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಅರ್ಥ. ಯಾಕೆ ಬಿಚ್ಚಿದಿರಿ ಎಂದು ಕೇಳಿ. ಪೇಸ್ಟ್ ಬದಲಿಸಲು ಎಂದರೆ ಒಳ್ಳೆಯದೇ. ಉತ್ತರ ತಡವರಿಸಿದರೆ ಮುಂದೆ ನಡೆಯಿರಿ.

ಎಷ್ಟು ಹಳೆಯದಕ್ಕೆ ಹೋಗಬಹುದು? ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿ, ಭದ್ರತಾ ಅಪ್‌ಡೇಟ್‌ಗಳನ್ನಷ್ಟೇ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಎನ್ವಿಡಿಯಾ ಹೇಳಿದೆ. ಜಿಟಿಎಕ್ಸ್ 1060, 1070 ಎಷ್ಟೇ ಅಗ್ಗವಾಗಿ ಕಂಡರೂ ಹೊಸ ಕಂಪ್ಯೂಟರಿಗೆ ನಾನಂತೂ ಹಾಕುವುದಿಲ್ಲ.

ಹಂತ 11: ಕೂರಿಸಿದ ದಿನ

ವಿದ್ಯುತ್ ಸಂಪರ್ಕ ತೆಗೆದು, ಪ್ರೊಸೆಸರ್‌ಗೆ ಹತ್ತಿರದ ಮೇಲಿನ ಉದ್ದ ಸ್ಲಾಟಿನಲ್ಲಿ ಕಾರ್ಡನ್ನು ‘ಟಕ್’ ಎನ್ನುವವರೆಗೆ ಒತ್ತಿ, ಸ್ಕ್ರೂ ಹಾಕಿ. ಪವರ್ ವೈರ್ ಜೋಡಿಸುವಾಗ ಎಚ್ಚರ: ಎಸ್‌ಎಂಪಿಎಸ್‌ನಿಂದ ಬರುವ ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಒಂದೇ ಥರ, ಒಳಗಿನ ವೈರಿಂಗ್ ಬೇರೆ. ಕಾರ್ಡಿನದ್ದು ಸಾಮಾನ್ಯವಾಗಿ 6 ಮತ್ತು 2 ಎಂದು ಸೀಳಿರುತ್ತದೆ, ಪ್ರೊಸೆಸರಿನದ್ದು 4 ಮತ್ತು 4. ಒಳಗೆ ಹೋಗಲೊಲ್ಲದ್ದನ್ನು ಬಲವಂತದಿಂದ ತುರುಕಬೇಡಿ.

ಮಾನಿಟರ್ ಕೇಬಲ್ ಕಾರ್ಡಿಗೆ ಹೋಗಬೇಕು, ಮದರ್‌ಬೋರ್ಡಿಗಲ್ಲ. ‘ಹೊಸ ಕಾರ್ಡ್ ಹಾಕಿದರೂ ಗೇಮ್ ತೆವಳುತ್ತಿದೆ’ ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಆನ್ ಮಾಡಿದ ಮೇಲೆ ಫ್ಯಾನ್ ತಿರುಗದಿದ್ದರೆ ಗಾಬರಿಯಾಗಬೇಡಿ, ತಣ್ಣಗಿರುವಾಗ ಫ್ಯಾನ್ ನಿಲ್ಲಿಸುವುದು ಇಂದಿನ ಹಲವು ಕಾರ್ಡ್‌ಗಳ ರೂಢಿ. ಡ್ರೈವರನ್ನು ಚಿಪ್ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಬಯಾಸ್‌ನಲ್ಲಿ ರಿಸೈಸಬಲ್ ಬಾರ್ ಆನ್ ಇದೆಯೇ ನೋಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ಬದಲಿಸಿ. 144 ಹರ್ಟ್ಜ್ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ನೋಡುವವರು ಬಹಳ ಮಂದಿ.

ಕೊನೆಗೆ ನೀವು ಹೆಚ್ಚು ಆಡುವ ಗೇಮನ್ನು ಅರ್ಧ ಗಂಟೆ ಓಡಿಸಿ, ಕಾರ್ಡಿನ ಬಳಕೆ ಮತ್ತು ತಾಪದ ಅಂಕಿಗಳನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಳ್ಳಿ. ಫ್ರೇಮಿಗೆ ಮಿತಿ ಹಾಕದಿದ್ದಾಗ ಬಳಕೆ ಶೇಕಡಾ 95ರ ಆಸುಪಾಸಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60, 70ರಲ್ಲೇ ನಿಂತಿದ್ದರೆ ಪ್ರೊಸೆಸರ್ ಹಿಂದೆಳೆಯುತ್ತಿದೆ, ಅಂಥಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ ಏರಿಸಿದರೂ ಫ್ರೇಮ್ ಇಳಿಯುವುದಿಲ್ಲ, ಚಿತ್ರ ಮಾತ್ರ ಚೆಂದವಾಗುತ್ತದೆ. ತಾಪ 80 ಡಿಗ್ರಿ ದಾಟುತ್ತಿದ್ದರೆ ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು ನೋಡಿ. ಆಗ ಎಂಟು ಹತ್ತು ಡಿಗ್ರಿ ಇಳಿದರೆ ದೋಷ ಕಾರ್ಡಿನದ್ದಲ್ಲ, ಗಾಳಿಯ ಹರಿವಿನದ್ದು. ಮುಂದೆ ಒಂದು ಫ್ಯಾನ್ ಸೇರಿಸಿ. ಇಳಿಯದಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಬಿಲ್ಲು, ಪೆಟ್ಟಿಗೆ ಸಮೇತ ಕೊಂಡಲ್ಲಿಗೆ ಒಯ್ಯಿರಿ. ಪೆಟ್ಟಿಗೆಯನ್ನು ಅಲ್ಲಿಯವರೆಗೆ ಎಸೆಯಬೇಡಿ, ಸೀರಿಯಲ್ ನಂಬರಿನ ಚೀಟಿ ಅದರ ಮೇಲೇ ಇರುತ್ತದೆ.